ಮೊಳದುದ್ದದ ಎಳೆ

ಒಂದಾನೊಂದು ಕಾಲದಲ್ಲಿ, ಕೋಳಿ ಕೂಗೋಕೆ ಮುಂಚೆಯೇ ಮಗ್ಗದ ಸದ್ದು ಏಳ್ತಿದ್ದ ಒಂದು ಊರಲ್ಲಿ, ದೇವಣ್ಣ ಅಂತ ಒಬ್ಬ ನೇಕಾರ ಇದ್ದನಂತೆ. ಹೂಂ ಅನ್ನು ಚಿನ್ನಿ. ಹಲ್ಲುಜ್ಜಿದ್ದಾಯ್ತು, ದಾರ ಗೀರ ಬೇಡ, ನಿದ್ದೆ ಬಂತು ಅಂತ ಮುಖ ಊದಿಸ್ಕೊಂಡು ಮಲಗಿದೀಯಲ್ಲ, ಮಲಗು. ಬಾಯಿ ಮುಚ್ಕೊಂಡೂ ಹೂಂ ಅನ್ನಬಹುದು.

ದೇವಣ್ಣನ ಹೆಂಡತಿ ತೀರಿಹೋಗಿದ್ದಳು, ಮೂರು ಜನ ಹೆಣ್ಣುಮಕ್ಕಳಿದ್ದರಂತೆ. ದೊಡ್ಡವಳು ಚೌಡಕ್ಕ, ನಡುವಿನವಳು ಬನಕ್ಕ, ಕಿರಿಯವಳು ನೀಲಿ. ಅವನ ಮಗ್ಗಕ್ಕೆ ಒಂದು ಹಣಿಗೆ ಇತ್ತಂತೆ. ಹಣಿಗೆ ಅಂದ್ರೆ ನಿನ್ನ ಬಾಚಣಿಗೆ ಥರಾನೇ, ಆದ್ರೆ ಸೀರೆಯಷ್ಟು ಅಗಲ, ಬಿದಿರಿನ ನೂರಾರು ಹಲ್ಲು, ಒಂದೊಂದು ಸಂದೀಲೂ ನೂಲು ಹಾದು ಬರುತ್ತೆ. ನೂಲು ಗಟ್ಟಿಯಾಗಲಿ ಅಂತ ಗಂಜಿ ಹಾಕಿರ್ತಾರೆ, ಆ ಗಂಜಿ ಉದುರಿ ಉದುರಿ ಹಣಿಗೆ ಹಲ್ಲಿನ ಸಂದೀಲಿ ಕೂತ್ಕೊಳ್ಳುತ್ತೆ, ಕೂತದ್ದು ಹುಳಿಯುತ್ತೆ, ಹುಳಿದ ಕಡೆ ಹುಳ ಬರುತ್ತೆ, ಹುಳ ಬಂದು ಬಿದಿರನ್ನೇ ತಿಂದುಹಾಕುತ್ತೆ. ಅದಕ್ಕೇ ದೇವಣ್ಣ ದಿನಾ ದೀಪ ಹಚ್ಚೋ ಹೊತ್ತಿಗೆ ಮೊಳದುದ್ದ ಎಳೆ ತಗೊಂಡು, ಎರಡು ಕೈಲೂ ಬಿಗಿಹಿಡಿದು, ಒಂದೊಂದೇ ಸಂದೀಲಿ ಮೇಲಕ್ಕೂ ಕೆಳಕ್ಕೂ ಎಳೆದು ಚೊಕ್ಕ ಮಾಡಿ ಏಳ್ತಿದ್ದನಂತೆ. ಹಬ್ಬ ಇರಲಿ ಹುಣ್ಣಿಮೆ ಇರಲಿ, ಒಂದು ದಿನ ತಪ್ಪಿಸಿದವನಲ್ಲ.

ಆಮೇಲೆ ಕೈಕಾಲು ತೊಳೆದು, ಮುದ್ದೆ ಅವರೆಕಾಳು ಸಾರು ಉಂಡು, ಒಂದು ಚೂರು ಬೆಲ್ಲ ಕಚ್ಚಿ, ಬಾಯಿ ಮುಕ್ಕಳಿಸಿ ಮಲಗಿಬಿಡ್ತಿದ್ದನಂತೆ. ಮಗ್ಗದ ಹಲ್ಲಿಗಿದ್ದ ಭಾಗ್ಯ ಅವನ ಹಲ್ಲಿಗಿರಲಿಲ್ಲ. ಯಾಕೆ ಅಂತೀಯಾ, ನೂಲು ಗುಡಿಯ ಅಮ್ಮನವರ ಸೀರೆಗೆ ಹೋಗೋದು, ಅದನ್ನ ಬಾಯಿಗೆ ತಾಗಿಸಿದ್ರೆ ಎಂಜಲಾಗುತ್ತೆ ಅಂತ ಆ ಮನೇಲಿ ತಲೆತಲಾಂತರದಿಂದ ಕಟ್ಟುನಿಟ್ಟು.

ಹೀಗಿರೋವಾಗ ದೇವಣ್ಣನಿಗೆ ಬಲದವಡೇಲಿ ನೋವು ಶುರುವಾಯ್ತಂತೆ. ಮೊದಲನೇ ದಿನ ಲವಂಗ ಕಚ್ಚಿ ಕೂತ, ಹೋಗಲಿಲ್ಲ. ಎರಡನೇ ದಿನ ಉಪ್ಪಿನ ಗಂಟು ಕಾಯಿಸಿ ಶಾಖ ಕೊಟ್ಟರು, ಹೋಗಲಿಲ್ಲ. ಮೂರನೇ ದಿನ ನೆಲಗುಳ್ಳದ ಬೀಜದ ಹೊಗೆ ಕೊಟ್ಟರು, ಹುಳ ಉದುರಿಹೋಗುತ್ತೆ ಅಂದ್ರು, ಏನೂ ಉದುರಲಿಲ್ಲ. ಬಾವು ಕೆನ್ನೆಯಿಂದ ಕತ್ತಿಗೆ ಇಳೀತು, ದವಡೆ ಕಚ್ಕೊಂಡುಬಿಡ್ತು, ಮಾತು ನಿಂತುಹೋಯ್ತು. ಆಗ ಅವನು ಮೂರು ಮಕ್ಕಳನ್ನೂ ಕೈಸನ್ನೆ ಮಾಡಿ ಕರೆದು, ದಿಂಬಿನ ಪಕ್ಕದಲ್ಲಿದ್ದ ನೂಲಿನ ಲಡಿಯಿಂದ ಮೊಳ ಮೊಳ ಅಳೆದು ಮೂರು ಎಳೆ ಹರಿದು, ಒಬ್ಬೊಬ್ಬಳ ಕೈಲೂ ಒಂದೊಂದು ಇಟ್ಟು, ತನ್ನ ಕೆನ್ನೆ ಮುಟ್ಟಿ ತೋರಿಸಿದನಂತೆ. ಪಾಪ, ನೋವು ಅಂತಾನೆ ಅಂದ್ಕೊಂಡರು ಹುಡುಗೀರು. ಹೊತ್ತು ಮುಳುಗೋದರೊಳಗೆ ಹೋಗಿಬಿಟ್ಟ. ಬೆಟ್ಟದಂಥ ಆಳು, ಚಿನ್ನಿ. ಸಂದೀಲಿ ಸಿಕ್ಕೊಂಡ ಅವರೆಕಾಳಿನ ಸಿಪ್ಪೆಯಿಂದ ಶುರುವಾದದ್ದು.

ಹೂಂ. ಆಮೇಲೆ ಏನಾಯ್ತು ಅಂದ್ರೆ, ಚೌಡಕ್ಕ ತನ್ನ ಪಾಲಿನ ಎಳೇನ ಅರಿಶಿನದ ಬಟ್ಟೇಲಿ ಸುತ್ತಿ ಪೆಟ್ಟಿಗೇಲಿಟ್ಟು ಬೀಗ ಹಾಕಿದಳಂತೆ, ಅಪ್ಪಯ್ಯ ಕೈಯಾರೆ ಕೊಟ್ಟದ್ದು, ಕೊಳೆಯಾಗಬಾರದು ಅಂತ. ಬನಕ್ಕ ತನ್ನದನ್ನ ದೇವರ ಗೂಡಲ್ಲಿಟ್ಟು ದಿನಾ ಹೂವೇರಿಸಿದಳಂತೆ, ಜೊತೆಗೆ ಅಪ್ಪಯ್ಯನ ಗತಿ ತನಗೆ ಬರಬಾರದು ಅಂತ ಬೇವಿನ ಕಡ್ಡೀಲಿ ಎರಡು ಹೊತ್ತೂ ಉಜ್ಜಿ ಉಜ್ಜಿ ಹಲ್ಲನ್ನ ಮಲ್ಲಿಗೆ ಮೊಗ್ಗು ಮಾಡಿದಳಂತೆ. ನೀಲಿ ಏನು ಮಾಡಿದಳು? ಹೊಟ್ಟೆಪಾಡು ನಡೀಬೇಕಲ್ಲ, ಅಪ್ಪನ ಮಗ್ಗಕ್ಕೆ ತಾನೇ ಇಳಿದಳು. ದೀಪ ಹಚ್ಚೋ ಹೊತ್ತಾಯ್ತು, ಹಣಿಗೆ ಚೊಕ್ಕ ಮಾಡಬೇಕು, ಅಪ್ಪಯ್ಯ ಕೊಟ್ಟ ಎಳೆ ಸೊಂಟದಲ್ಲೇ ಇತ್ತು, ಅದನ್ನೇ ತೆಗೆದು ಸಂದಿ ಸಂದಿಗೂ ಎಳೆದಳಂತೆ. ಎಳೆದು, ಮೂಗಿನ ಹತ್ತಿರ ತಂದಳು. ಹಳಸಿದ ಗಂಜಿಯ ನಾತ. ಆ ಮೂರು ದಿನ ಅಪ್ಪಯ್ಯನ ಬಾಯಿಂದ ಬರ್ತಿತ್ತಲ್ಲ, ಅದೇ ನಾತ.

ನೀಲಿ ಕೈ ಹಾಗೇ ನಿಂತುಹೋಯ್ತಂತೆ. ಅಪ್ಪಯ್ಯ ಕೆನ್ನೆ ಮುಟ್ಟಿ ತೋರಿಸಿದ್ದು ನೋವನ್ನಲ್ಲ, ಜಾಗಾನ ಅಂತ ಆಗ ತಿಳೀತು. ಕೂತಲ್ಲೇ ಅತ್ತಳಂತೆ. ಅತ್ತು, ಮುಖ ಒರೆಸ್ಕೊಂಡು, ಹೊಸದಾಗಿ ಮೊಳದುದ್ದ ಎಳೆ ಹರಿದು, ತನ್ನ ಹಲ್ಲಿನ ಸಂದಿಗೆ ಮೆಲ್ಲಗೆ ಇಳಿಸಿದಳು. ಮೊದಲನೇ ದಿನ ರಕ್ತ ಬಂತು, ಹೆದರಿದಳು, ಬಿಡಲಿಲ್ಲ. ಎರಡನೇ ದಿನವೂ ಬಂತು. ಮೂರನೇ ದಿನಕ್ಕೆ ಕಡಿಮೆಯಾಯ್ತು, ವಾರ ಎರಡು ವಾರಕ್ಕೆ ನಿಂತೇಹೋಯ್ತು, ವಸಡು ಗಟ್ಟಿಯಾಯ್ತು.

ಅಕ್ಕಂದಿರಿಗೆ ಹೇಳಿದಳು. ಚೌಡಕ್ಕ ಹರಿಹಾಯ್ದಳಂತೆ, ಅಮ್ಮನವರ ನೂಲು ಎಂಜಲು ಮಾಡ್ತಿದೀಯಲ್ಲೇ, ನಿನಗೆ ದೆವ್ವ ಹಿಡಿದಿದೆಯಾ ಅಂತ. ಬನಕ್ಕ, ನನ್ನ ಹಲ್ಲು ನೋಡು ಹೇಗಿವೆ, ನನಗ್ಯಾಕೆ ಇದೆಲ್ಲ ಅಂದಳಂತೆ. ಕಿರಿಯವಳ ಮಾತು ಯಾರು ಕೇಳ್ತಾರೆ? ನೀನು ನನ್ನ ಮಾತು ಕೇಳ್ತೀಯಾ?

ಮೂರು ವರ್ಷ ಕಳೀತಂತೆ. ಮಲ್ಲಿಗೆ ಮೊಗ್ಗಿನ ಬನಕ್ಕನಿಗೆ ಎರಡು ಹಲ್ಲಿನ ನಡುವೆ ಕಪ್ಪು ಕಾಣಿಸ್ಕೊಂಡು, ಅದು ಗುಳಿಬಿದ್ದು, ಎರಡನ್ನೂ ಕೀಳಿಸಬೇಕಾಯ್ತು. ದಿನಾ ಎರಡು ಹೊತ್ತು ಉಜ್ಜಿದೆನಲ್ಲೇ ನೀಲಿ, ಅಂತ ಅತ್ತಳಂತೆ. ಕಡ್ಡಿ ಅಂಗಳ ಗುಡಿಸ್ತು ಅಕ್ಕಾ, ಸಂದಿಯೊಳಗೆ ಹೋಗೋಕೆ ಅದಕ್ಕೆ ಆಗಲಿಲ್ಲ, ಎರಡೂ ಬೇಕು, ಅಂದಳಂತೆ ನೀಲಿ.

ಚೌಡಕ್ಕನ ಪಾಡು ಅದಕ್ಕಿಂತ ಕೆಟ್ಟದ್ದು. ಈ ನಡುವೆ ಮದುವೆಯಾಗಿ ಮಡಿಲಲ್ಲಿ ವರ್ಷದ ಹೆಣ್ಣುಮಗು, ಆಗ ಚೌಡಕ್ಕನ ಬಲಗೆನ್ನೆ ಊದ್ಕೊಂಡಿತು, ಅಪ್ಪಯ್ಯನ ಥರಾನೇ. ಸಂಜೆಗೆ ಬಾವು ಕತ್ತಿನ ಕಡೆ ತಿರುಗಿತು. ಲವಂಗ ತನ್ನಿ ಅಂದ್ರು, ಉಪ್ಪು ಕಾಯಿಸಿ ಅಂದ್ರು, ನೆಲಗುಳ್ಳದ ಬೀಜ ಹುಡುಕಿ ಅಂದ್ರು. ನೀಲಿ ಮಾತ್ರ, ಈ ಮೂರರ ಹಣೆಬರಹಾನೂ ನಾನು ನೋಡಿದೀನಿ, ನನ್ನ ಅಕ್ಕನ್ನ ನಾನು ಕಳ್ಕೊಳ್ಳೋದಿಲ್ಲ, ಅಂದವಳೇ ಗಾಡಿ ಕಟ್ಟಿಸಿ, ಮಗೂನ ಕಂಕುಳಲ್ಲಿ ಇಟ್ಕೊಂಡು, ಮೂರು ಊರು ದಾಟಿ ಹಲ್ಲಿನ ವೈದ್ಯರ ಹತ್ತಿರ ಕರ್ಕೊಂಡು ಹೋದಳಂತೆ. ಅವರು ಬಾವು ಸೀಳಿದರು, ಮೂರು ಹಲ್ಲು ಕಿತ್ತರು, ಇನ್ನೊಂದು ದಿನ ತಡೆದಿದ್ರೆ ಈ ಮಗು ತಬ್ಬಲಿ ಅಂದರಂತೆ. ಚೌಡಕ್ಕ ಬದುಕಿದಳು.

ಮನೆಗೆ ಬಂದು, ಜೀವ ಚೇತರಿಸ್ಕೊಂಡ ಮೇಲೆ, ಚೌಡಕ್ಕ ಪೆಟ್ಟಿಗೆ ಬೀಗ ತೆಗೆದಳಂತೆ. ಅರಿಶಿನದ ಬಟ್ಟೆ ಬಿಚ್ಚಿದಳು. ಎಳೆ ಕೊಟ್ಟ ದಿನ ಹೇಗಿತ್ತೋ ಹಾಗೇ ಇತ್ತು, ಒಂದು ಕಲೆಯಿಲ್ಲ. ಅದನ್ನ ಅಂಗೈ ಮೇಲಿಟ್ಕೊಂಡು, ಮೂರು ಹಲ್ಲು ಹೋದ ಬಾಯಲ್ಲಿ ಅಂದಳಂತೆ, ಕೊಳೆಯಾಗಬಾರದು ಅಂತ ಜೋಪಾನ ಮಾಡಿದೆ ನೀಲಿ, ಅಪ್ಪಯ್ಯ ಇದನ್ನ ಕೊಳೆಯಾಗಲಿ ಅಂತಲೇ ಕೊಟ್ಟಿದ್ದ.

ಆಮೇಲೆ ತನ್ನ ಮಗೂನ ತೊಡೆ ಮೇಲೆ ಮಲಗಿಸ್ಕೊಂಡು, ಆಗಷ್ಟೇ ಒಂದಕ್ಕೊಂದು ತಾಗಿ ಹುಟ್ಟಿದ್ದ ಎರಡು ಪುಟ್ಟ ಹಲ್ಲಿನ ನಡುವೆ, ಅಪ್ಪಯ್ಯನ ಎಳೇನ ಮೆಲ್ಲಗೆ ಇಳಿಸಿದಳಂತೆ. ಅಮ್ಮನವರು ಮುನಿಯಲಿಲ್ಲ. ಅವತ್ತಿಂದ ಆ ಮನೇಲಿ ಮಗ್ಗದ ಪಕ್ಕದ ಗೂಟಕ್ಕೆ ಬೇರೆಯೇ ಒಂದು ಲಡಿ ನೇತುಹಾಕಿದರು, ಅದು ಬಾಯಿಗೆ ಅಂತ. ದೀಪ ಹಚ್ಚೋ ಹೊತ್ತಿಗೆ ಹಣಿಗೆಗೆ ಒಂದು ಎಳೆ, ಉಂಡು ಮಲಗೋ ಮುಂಚೆ ಒಬ್ಬೊಬ್ಬರಿಗೂ ಒಂದೊಂದು ಎಳೆ. ಮೂವರು ಅಕ್ಕತಂಗೀರೂ ಮಕ್ಕಳು ಮೊಮ್ಮಕ್ಕಳನ್ನ ಕಂಡು ಸುಖವಾಗಿ ಬಾಳಿದರು, ಆ ಮನೇಲಿ ಮತ್ತೆ ಯಾರೂ ಹಲ್ಲಿನಿಂದ ಸಾಯಲಿಲ್ಲವಂತೆ.

ಅವರು ಅಲ್ಲಿ ಚೆನ್ನಾಗಿದ್ದಾರೆ, ನಾವು ಇಲ್ಲಿ ಚೆನ್ನಾಗಿರಬೇಕು, ಕತೆ ಮುಗೀತು. ಇಗೋ, ಮೊಳ ಅಳೆದು ಹರಿದಿದೀನಿ. ಹೂಂ ಅಂದದ್ದು ಸಾಕು ಚಿನ್ನಿ, ಈಗ ಆ ಅನ್ನು.