ಗಂಟೆರಾಯನ ಶಾಲು

ಈ ಕಥೆಯನ್ನು ನನಗೆ ಮೊದಲು ಹೇಳಿದವಳು ನನ್ನ ನಾದಿನಿ ಮಂದಾಕಿನಿ. ದೇವರು ನಡೆಸಿದಂತೆ, ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸಿಕೊಂಡಿದ್ದಾಳೆ.

ಒಂದು ಕಾಲೇಜಿನಲ್ಲಿ ಸೂಕ್ಷ್ಮದರ್ಶಕಮ್ಮ ಇದ್ದಳು. ಬೆಳಗಿನಿಂದ ಸಂಜೆಯವರೆಗೆ ಮಕ್ಕಳಿಗೆ ಈರುಳ್ಳಿಯ ಪೊರೆ ತೋರಿಸುವುದೇ ಅವಳ ಕೆಲಸ. ಒಂದು ದಿನ ಕೆರೆನೀರಿನ ಹನಿಯಲ್ಲಿ ಹಿಂದೆಂದೂ ಕಾಣದ ಜೀವಿಯೊಂದು ಅವಳ ಕಣ್ಣಿಗೆ ಬಿತ್ತು. ಸರಿಯಾಗಿ ನೋಡಬೇಕು ಎನ್ನುವಷ್ಟರಲ್ಲಿ ಕಾಲೇಜಿನ ಗಂಟೆರಾಯ ಢಣ್ಣೆಂದ.

“ಅಮ್ಮಾ, ಮುಂದಿನ ತರಗತಿ! ಎಲೆಯ ಪಾಠ!”

“ಸ್ವಾಮಿ, ಹನಿ ಆರಿಹೋಗುತ್ತದೆ. ಇದೊಂದು ಪೀರಿಯಡ್ ನನಗೆ ಬಿಡಿ.”

“ಛೇ, ನಿಮ್ಮಂಥ ತಾಯಿ ಇಲ್ಲದೆ ಮಕ್ಕಳ ಗತಿಯೇನು? ನಿಮ್ಮ ಸೇವೆಗೆ ಸನ್ಮಾನವನ್ನೇ ಮಾಡೋಣ!” ಎಂದ ಗಂಟೆರಾಯ, ಜರಿಯಂಚಿನ ಶಾಲು ತಂದು ಅವಳ ತಲೆಯ ಮೇಲೆ ಹೊದಿಸಿದ.

“ಬಹಳ ಸಂತೋಷ. ಆದರೆ ಈಗ ಏನೂ ಕಾಣಿಸುತ್ತಿಲ್ಲ,” ಎಂದಳು ಅವಳು ಶಾಲಿನೊಳಗಿಂದ.

ಮೂಲೆಯಲ್ಲಿದ್ದ ಮುದಿ ಭೂತಗನ್ನಡಿ ನಕ್ಕು ಎದ್ದುಬಂದಳು. “ತಂಗೀ, ಎಲೆಯ ನರ ತೋರಿಸಲು ನಾನು ಸಾಕು. ತರಗತಿಗೆ ನಾನು ಹೋಗುತ್ತೇನೆ, ನೀನು ನಿನ್ನ ಹನಿ ನೋಡು,” ಎಂದು ಶಾಲು ಎಳೆದಳು.

“ಮತ್ತೆ ನನ್ನ ಶಾಲು?” ಎಂದ ಗಂಟೆರಾಯ.

“ಅದನ್ನು ತಮ್ಮ ನಾಲಿಗೆಗೆ ಸುತ್ತಿಕೊಂಡು ಸ್ವಲ್ಪ ಹೊತ್ತು ಸುಮ್ಮನಿರಿ, ರಾಯರೇ. ಅದಕ್ಕಿಂತ ದೊಡ್ಡ ಸನ್ಮಾನವಿಲ್ಲ,” ಎಂದಳು ಭೂತಗನ್ನಡಿ.

ಗಂಟೆರಾಯ ಗೊಣಗುತ್ತಲೇ ಸುತ್ತಿಕೊಂಡ. ಹನಿ ಆರುವ ಮೊದಲೇ ಸೂಕ್ಷ್ಮದರ್ಶಕಮ್ಮ ಆ ಜೀವಿಯನ್ನು ಕಣ್ತುಂಬ ನೋಡಿ, ಮಕ್ಕಳನ್ನು ಕೂಗಿದಳು: “ಬೇಗ ಬನ್ರೋ, ಇವತ್ತು ಈರುಳ್ಳಿಯಲ್ಲ!”

ನಿಮ್ಮೂರ ಕಾಲೇಜಿನಲ್ಲಿ ಯಾರಾದರೂ ಮೇಡಂಗೆ ಶಾಲು ಹೊದಿಸಲು ಹೊರಟರೆ, ಮೊದಲು ಆ ಹೊದಿಸುವವರಿಗೆ ಈ ಕಥೆ ಹೇಳಿಬಿಡಿ.