ಮೋಡದ ಮೇಲಿನ ಹೊಗೆ

ಶಿಷ್ಯ ಕೇಳಿದ: “ಗುರುಗಳೇ, ಸಿಟ್ಟು ಬರುತ್ತದೆ, ಹೋಗುತ್ತದೆ. ಹೊಟ್ಟೆಕಿಚ್ಚು ಮಾತ್ರ ಬಂದರೆ ಹೋಗುವುದೇ ಇಲ್ಲ. ಯಾಕೆ?”

ಯಾರ ಮೇಲಿನ ಹೊಟ್ಟೆಕಿಚ್ಚು ಎಂದು ಗುರುಗಳು ವಿಚಾರಿಸಲಿಲ್ಲ. ಕೂತುಕೋ ಎಂದರು. ಹೇಳತೊಡಗಿದರು.

ಕಡಲ ತೀರದ ಒಂದು ಊರಿನಲ್ಲಿ ಉಪ್ಪು ಬೆಳೆಯುವವರು ಇಬ್ಬರಿದ್ದರು. ಒಬ್ಬ ಹಿರಿಯ, ಒಬ್ಬ ಕಿರಿಯ. ಇಬ್ಬರ ಉಪ್ಪಿನ ಪಾತಿಗಳ ನಡುವೆ ಇದ್ದದ್ದು ಒಂದೇ ಬದು. ಒಂದೇ ತೂಬಿನಿಂದ ಇಬ್ಬರಿಗೂ ಕಡಲ ನೀರು ಬರುತ್ತಿತ್ತು. ಗಾಳಿ ಅದೇ, ಬಿಸಿಲೂ ಅದೇ. ಆದರೂ ಕಿರಿಯನ ಪಾತಿಯಲ್ಲಿ ಉಪ್ಪು ಮೊದಲು ಹರಳುಗಟ್ಟುತ್ತಿತ್ತು, ಮಲ್ಲಿಗೆಯಂತೆ ಬೆಳ್ಳಗಿರುತ್ತಿತ್ತು.

ಆ ಊರಿನಲ್ಲಿ ಒಂದು ಪದ್ಧತಿ. ಯಾರ ಪಾತಿಯಲ್ಲಿ ಮೊದಲು ಉಪ್ಪು ಕಟ್ಟುತ್ತದೋ ಅವನು ಮೊದಲ ಬೊಗಸೆಯನ್ನು ದೇವಿಗೆ ಒಪ್ಪಿಸಬೇಕು. ಮುಂದಿನ ಹಂಗಾಮಿನಲ್ಲಿ ತೂಬು ತೆರೆಯುವ ಹಕ್ಕೂ ಅವನದೇ. ಹಿರಿಯನ ತಂದೆ ತೂಬು ತೆರೆದವನು. ಹಿರಿಯನೂ ತೆರೆದವನು. ಕಿರಿಯನಿಗೆ ಪಾತಿಯ ಕೆಸರು ತುಳಿದು ಹದ ಮಾಡುವುದನ್ನು ಕಲಿಸಿದವನೂ ಅವನೇ. ಈಗ ವರ್ಷ ವರ್ಷವೂ ಕಿರಿಯ ತೂಬು ತೆರೆಯುತ್ತಿದ್ದ, ಹಿರಿಯ ಹತ್ತು ಜನರ ಜೊತೆ ಹನ್ನೊಂದನೆಯವನಾಗಿ ನಿಂತು ನೋಡುತ್ತಿದ್ದ. ಆ ಹಕ್ಕು ಮನೆಗೆ ಮರಳುವ ಮೊದಲೇ ತಾನು ಸಾಯುತ್ತೇನೋ ಎಂಬುದು ಅವನ ಎದೆಯ ಮುಳ್ಳಾಗಿತ್ತು.

ಬೆಳಗೆದ್ದರೆ ಅವನ ಕಾಲು ಮೊದಲು ಬದುವಿನ ಕಡೆಗೆ ನಡೆಯುತ್ತಿತ್ತು. ಬಗ್ಗಿ ಕಿರಿಯನ ಪಾತಿಯನ್ನು ದಿಟ್ಟಿಸುತ್ತಿದ್ದ. ಹೆಂಡತಿ ಒಮ್ಮೆ ಅಂದಳು: “ನಮ್ಮ ಪಾತಿಯನ್ನೂ ಇಷ್ಟೇ ಅಕ್ಕರೆಯಿಂದ ನೋಡಿದ್ದರೆ ಅದೂ ನಾಲ್ಕು ಹರಳು ಹೆಚ್ಚು ಕೊಡುತ್ತಿತ್ತು.”

ಅವನು ಕೇಳಿಸಿಕೊಳ್ಳಲಿಲ್ಲ. ಉಪ್ಪು ಮಾಡುವುದು ಬಿಸಿಲು, ಹಾಗಾದರೆ ಕಿರಿಯನ ಬಿಸಿಲನ್ನೇ ತೆಗೆದರಾಯಿತು ಎಂದು ಲೆಕ್ಕ ಹಾಕಿದ. ಗಾಳಿ ಬರುವ ಕಡೆಯಲ್ಲಿ ಹಸಿ ಹುಲ್ಲು, ತೆಂಗಿನ ಸಿಪ್ಪೆ ಒಟ್ಟಿ ಬೆಂಕಿ ಹಾಕಿದ. ಹೊಗೆ ಹೋಗಿ ಕಿರಿಯನ ಪಾತಿಯ ಮೇಲೆ ಕುಳಿತಿತು. ಕಿರಿಯ ಕೆಮ್ಮುತ್ತ ಬಂದ. ಸೊಳ್ಳೆ ಇಷ್ಟು ಹೆಚ್ಚಾಯಿತೇ ಅಣ್ಣಾ ಎಂದು ನಕ್ಕು ಹೋದ. ಮಧ್ಯಾಹ್ನ ಗಾಳಿ ತಿರುಗಿತು, ಹೊಗೆ ಹಿರಿಯನ ಮನೆಯೊಳಗೇ ಬಂತು. ಮರುದಿನ ಬಿದ್ದ ಅಕಾಲದ ಮಳೆಯಲ್ಲಿ ಮಸಿಯೆಲ್ಲ ತೊಳೆದುಹೋಗಿ ಆಕಾಶ ಮೊದಲಿನಂತಾಯಿತು.

ತಗ್ಗಿನಲ್ಲಿದ್ದ ಹೊಗೆಯನ್ನು ಗಾಳಿ ಆಡಿಸಿತು, ಮಳೆ ಇಳಿಸಿತು. ಎತ್ತರಕ್ಕೇರಿದರೆ ಯಾರ ಕೈಗೂ ಸಿಗದು ಎಂದು ಅವನು ಯೋಚಿಸಿದ. ಪಾತಿಗಳ ಹಿಂದೆ ಒಂದು ಗುಡ್ಡ. ಬೇಸಗೆಗೆ ಒಣಗಿ ನಿಂತ ಕಾಡು. ಅವನಿಗೆ ಬೇಕಾಗಿದ್ದದ್ದು ಒಂದು ಪಾತಿಯ ಅಳತೆಯ ನೆರಳು, ಅಷ್ಟೇ. ಗಾಳಿಯಿಲ್ಲದ ಒಂದು ಉರಿಬಿಸಿಲಿನಲ್ಲಿ ಹೋಗಿ ಕಿಡಿ ಹಾಕಿ ಬಂದ.

ಬೆಂಕಿ ಅವನ ಅಳತೆಯನ್ನು ಕೇಳಲಿಲ್ಲ. ಗುಡ್ಡದಿಂದ ಗುಡ್ಡಕ್ಕೆ ಹಾರಿತು. ಹುಣ್ಣಿಮೆಗೆ ಹತ್ತಿದ್ದು ಅಮಾವಾಸ್ಯೆಯವರೆಗೂ ಉರಿಯಿತು. ಕಿರಿಯ ಸೊಪ್ಪಿನ ಕೊಂಬೆ ಹಿಡಿದು ಬಡಿಯುತ್ತಿದ್ದ. ಪಕ್ಕದಲ್ಲಿ ಹಿರಿಯನೂ ಬಡಿಯುತ್ತಿದ್ದ, ಕಣ್ಣು ಮಾತ್ರ ಮೇಲಿತ್ತು. ಹೊಗೆ ಕಂಬದಂತೆ ಎದ್ದು ಮೋಡವನ್ನು ತೂರಿ ಆಚೆ ಹೋಯಿತು. ಅಲ್ಲಿಂದ ಮುಂದಕ್ಕೆ ಕರಿಹೊಗೆಯನ್ನು ಬಿಸಿಲೇ ಕಾಯಿಸಿ ಇನ್ನೂ ಮೇಲಕ್ಕೆತ್ತಿತು. ಸೂರ್ಯನನ್ನು ಮುಚ್ಚುವುದನ್ನು ಸೂರ್ಯನೇ ಹೊತ್ತೊಯ್ದ.

ಮಳೆಗಾಲ ಬಂತು. ಮಳೆ ಗುಡ್ಡವನ್ನು ತೊಳೆಯಿತು, ಮನೆಗಳ ಮಾಡನ್ನು ತೊಳೆಯಿತು. ಆಕಾಶವನ್ನು ತೊಳೆಯಲಿಲ್ಲ. ಮಳೆ ಬಿಟ್ಟ ಮೇಲೆ ಕಿರಿಯ ತೂಬು ತೆರೆದ, ಪಾತಿಗಳಿಗೆ ನೀರು ತುಂಬಿತು. ಸೂರ್ಯ ಮಾತ್ರ ಕಿಲುಬು ಹಿಡಿದ ಹಿತ್ತಾಳೆ ತಟ್ಟೆಯಂತೆ ಬಂದು ಹೋಗುತ್ತಿದ್ದ. ಬರಿಗಣ್ಣಿನಿಂದ ನೋಡಬಹುದಾಗಿತ್ತು.

ದೂರದ ಬಂದರುಗಳಿಗೆ ಹಾಯಿಹಡಗು ನಡೆಸುತ್ತಿದ್ದ ತಂಡೇಲನೊಬ್ಬ ಆ ದಿನಗಳಲ್ಲಿ ದಡ ಸೇರಿದ. ತಾನು ಹೋದಲ್ಲೆಲ್ಲ ಇದೇ ಬಿಸಿಲು, ಮಾವು ಹಣ್ಣಾಗುವ ಕಾಲಕ್ಕೆ ಜನ ಕಂಬಳಿ ಹೊದ್ದು ಕೂತಿದ್ದಾರೆ ಎಂದ. ಎರಡು ಮಳೆ ಬಿದ್ದರೆ ಸರಿಹೋಗುತ್ತದೆ ಬಿಡು ಎಂದು ಹಿರಿಯ ಅಂದಾಗ ತಂಡೇಲ ಅವನ ಮುಖ ನೋಡಿದ.

“ಮಳೆ ಬೀಳುವುದು ಮೋಡದಿಂದ ಕೆಳಕ್ಕೆ. ಮೋಡದ ಮೇಲೆ ಹೋಗಿ ಕೂತದ್ದನ್ನು ತೊಳೆಯುವವರು ಯಾರಪ್ಪ?”

ಆ ಹಂಗಾಮಿನಲ್ಲಿ ಪಾತಿಯ ನೀರು ನೀರಾಗಿಯೇ ಉಳಿಯಿತು. ಕಿರಿಯನದೂ ಅಷ್ಟೇ, ಹಿರಿಯನದೂ ಅಷ್ಟೇ, ಇಡೀ ಕರಾವಳಿಯದೂ ಅಷ್ಟೇ. ಹಿಡಿದ ಮೀನು ಉಪ್ಪಿಲ್ಲದೆ ಕೊಳೆಯಿತು. ದೇವಿಯ ಮುಂದೆ ಬೊಗಸೆ ಒಡ್ಡುವವರಿಲ್ಲ.

ಒಂದು ಬೆಳಗ್ಗೆ ಹಿರಿಯ ಬದುವಿನಿಂದ ಹಿಂದಿರುಗಿದ. ಪಾತಿ ಹೇಗಿದೆ ಎಂದು ಹೆಂಡತಿ ಕೇಳಿದಳು. ಅವನದರಲ್ಲಿ ಒಂದು ಹರಳೂ ಇಲ್ಲ ಎಂದ. ನಾನು ಕೇಳಿದ್ದು ನಮ್ಮದನ್ನು ಎಂದಳು ಅವಳು. ಅವನು ಅದನ್ನು ನೋಡಿಯೇ ಇರಲಿಲ್ಲ.

ಅಷ್ಟರಲ್ಲಿ ಕಿರಿಯ ಬಾಗಿಲಿಗೆ ಬಂದ. ಕೈಯಲ್ಲಿ ಒಂದು ಕರಟ.

“ಅಣ್ಣಾ, ನಿಮ್ಮ ಮಕ್ಕಳು ಸಪ್ಪೆ ಗಂಜಿ ಬೇಡವೆಂದು ಅಳುತ್ತವಂತೆ. ಹೋದ ವರ್ಷದ ಉಪ್ಪು ಇಷ್ಟು ಉಳಿದಿತ್ತು.”

ಹೆಂಡತಿ ಎರಡು ಕೈಯಿಂದ ಇಸಿದುಕೊಂಡಳು. ಮಕ್ಕಳ ಗಂಜಿಗೆ ಹಾಕಿದಳು. ಗಂಡನ ತಟ್ಟೆಯ ಮೇಲೂ ಒಂದು ಚಿಟಿಕೆ ಹಿಡಿದಳು. ಅವನು ಆ ಹರಳುಗಳನ್ನು ನೋಡಿದ. ಅವು ಆಗಲೂ ಬೆಳ್ಳಗಿದ್ದವು. ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು ಸಪ್ಪೆ ಗಂಜಿಯನ್ನೇ ಉಂಡ. ಕಿರಿಯನ ಪಾತಿ ಬರಿದಾಗಿದೆ ಎಂಬ ನೆನಪಿನಲ್ಲಿ ಬಹಳ ದಿನಗಳ ಮೇಲೆ ಅಂದು ಅವನಿಗೆ ಊಟ ರುಚಿಸಿತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯ ಕೇಳಿದ: “ಹಾಗಾದರೆ ಆ ಹೊಗೆ ಕೊನೆಗೂ ಇಳಿಯಲಿಲ್ಲವೇ?”

“ಕೆಲವು ವರ್ಷಕ್ಕೆ ತಾನಾಗಿಯೇ ಇಳಿಯಿತು, ಅದನ್ನು ಬಿಡದೆ ಹಿಡಿದುಕೊಳ್ಳಬೇಕೆಂಬ ಆಸೆ ಆಕಾಶಕ್ಕೆ ಇರಲಿಲ್ಲ.”