ಮೈದಾನದಿಂದ ಹೊರಬಿದ್ದ ಕೋಚ್

“ಬುದ್ಧಿ, ಒಬ್ಬ ಕೋಚ್ ಗೆದ್ದ, ಇನ್ನೊಬ್ಬ ಸೋತ ಅಂತ ಯಾವುದನ್ನು ನೋಡಿ ಹೇಳಬೇಕು?”

ಕೇಳಿದವನು ಷಡಕ್ಷರಪ್ಪ. ಚಿಕ್ಕಂದಿನಲ್ಲಿ ಮಠದಲ್ಲೇ ಇದ್ದು ಗುರುಗಳ ಬಳಿ ಓದಿದವನು. ಈಗ ಪೇಟೆಯಲ್ಲಿ ಎಣ್ಣೆ ಗಿರಣಿ ನಡೆಸುವ ಗೃಹಸ್ಥ. ಆಟಗಾರರಿಗೆ ಸಂಬಳ ಕೊಟ್ಟು ನಡೆಸುವ ಒಂದು ಫುಟ್‌ಬಾಲ್ ತಂಡದ ಆಡಳಿತ ಮಂಡಳಿಯಲ್ಲಿ ಅವನೂ ಒಬ್ಬ. ಆ ವರ್ಷ ತಂಡ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಕೋಚನ್ನು ಇಟ್ಟುಕೊಳ್ಳುವುದೋ ಕಳಿಸುವುದೋ ಎಂದು ತೀರ್ಮಾನಿಸಲು ಮರುದಿನ ಸಭೆ ಇತ್ತು. ಅರ್ಧ ಮಂದಿ ಇರಲಿ ಎನ್ನುತ್ತಿದ್ದರು, ಅರ್ಧ ಮಂದಿ ಹೋಗಲಿ ಎನ್ನುತ್ತಿದ್ದರು. ಉಳಿದದ್ದು ಷಡಕ್ಷರಪ್ಪನ ಒಂದು ಮಾತು. ಹೆಂಡತಿ ಮಕ್ಕಳನ್ನು ಕರೆದುಕೊಂಡು ದೂರದಿಂದ ಬಂದು ನೆಲೆಸಿದ ಒಬ್ಬ ಮನುಷ್ಯನ ಅನ್ನ ಆ ಮಾತಿನ ಮೇಲೆ ನಿಂತಿತ್ತು. ಕರುಣೆಯಿಂದ ಇರಲಿ ಎಂದರೆ ತಂಡ ಕೆಡಬಹುದು. ಸಿಟ್ಟಿನಿಂದ ಹೋಗಲಿ ಎಂದರೆ ಮನುಷ್ಯ ಕೆಡಬಹುದು. ಎರಡು ದಿನದಿಂದ ಅವನಿಗೆ ಊಟ ರುಚಿಸಿರಲಿಲ್ಲ.

ಗುರುಗಳು ಪೂಜೆ ಮುಗಿಸಿ ಜಗಲಿಗೆ ಬಂದಿದ್ದರು. ಗೆದ್ದ ಆಟ ಎಷ್ಟು, ಸೋತದ್ದು ಎಷ್ಟು ಎಂಬ ಲೆಕ್ಕ ನಿಮ್ಮಲ್ಲಿ ಇಲ್ಲವೇ ಎಂದು ಕೇಳಿದರು. ಇದೆ, ಆದರೆ ಒಂದೇ ಲೆಕ್ಕವನ್ನು ಇಬ್ಬರು ಓದಿದರೆ ಎರಡು ಅರ್ಥ ಬರುತ್ತದೆ ಎಂದು ಷಡಕ್ಷರಪ್ಪ ಹೇಳಿದ. ಹಿಂದಿನವನು ಬೆಳೆಸಿದ ಆಟಗಾರರಿಂದ ಈಗಿನವನು ಗೆದ್ದಿರಬಹುದು. ಈಗಿನವನು ಬೆಳೆಸಿದವರಿಂದ ಮುಂದಿನವನು ಗೆಲ್ಲಬಹುದು. ಒಳ್ಳೆಯ ಆಟಗಾರನ ಕಾಲು ಉಳುಕಿದರೆ ಕೋಚ್ ಏನು ಮಾಡಿಯಾನು?

ಗುರುಗಳು ಕುಳಿತುಕೋ ಎಂದು ಕೈ ತೋರಿಸಿ, ಕತೆ ತೆಗೆದರು.

ಒಬ್ಬ ವ್ಯಾಪಾರಿ ಇದ್ದ. ಜವಳಿಯಲ್ಲಿ ಚೆನ್ನಾಗಿ ದುಡಿದಿದ್ದ. ಊರಿಗೆ ಒಂದು ಹೆಸರು ಬರಲಿ ಎಂದು ಫುಟ್‌ಬಾಲ್ ತಂಡ ಕಟ್ಟಿದ. ಆಟದ ಒಳಹೊರಗು ಅವನಿಗೆ ತಿಳಿಯದು. ಆದರೆ ಬಟ್ಟೆಯನ್ನು ಬೆರಳಲ್ಲಿ ಮುಟ್ಟಿ ನೋಡಿ ಗುಣ ಹೇಳುವ ಹಾಗೆ ಮನುಷ್ಯನ ಗುಣವನ್ನೂ ಹೇಳಬಲ್ಲೆ ಎಂಬ ನಂಬಿಕೆ ಅವನಿಗೆ ಇತ್ತು.

ಅವನು ಮೊದಲು ತಂದ ಕೋಚ್ ದೊಡ್ಡ ಗಂಟಲಿನವನು. ಆಟ ಶುರುವಾದರೆ ಗೆರೆಯ ಪಕ್ಕದಲ್ಲಿ ಅತ್ತಿಂದಿತ್ತ ಓಡಾಡುತ್ತ, ಎಡಕ್ಕೆ ಹೋಗು, ಬಲಕ್ಕೆ ಕೊಡು, ಈಗ ಒದಿ ಎಂದು ಕೂಗುತ್ತಲೇ ಇರುವನು. ಆಟಗಾರರು ಕಾಲಿಗೆ ಚೆಂಡು ಸಿಕ್ಕ ಕೂಡಲೇ ಅವನ ಕಡೆ ಕತ್ತು ತಿರುಗಿಸುವರು. ಅವನು ಹೇಳಿದಂತೆ ಮಾಡುವರು. ತಂಡ ಗೆಲ್ಲುತ್ತಿತ್ತು. ವ್ಯಾಪಾರಿ ಹಿಗ್ಗುತ್ತಿದ್ದ.

ಒಂದು ಸಲ ಆ ಕೋಚ್ ಜ್ವರ ಬಂದು ಮಲಗಿದ. ಆ ದಿನ ತಂಡ ಹೀನಾಯವಾಗಿ ಸೋತಿತು. ಆಟಗಾರರು ಚೆಂಡು ಸಿಕ್ಕಾಗಲೆಲ್ಲ ಗೆರೆಯ ಕಡೆ ತಿರುಗಿ, ಅಲ್ಲಿ ಯಾರೂ ಇಲ್ಲದ್ದನ್ನು ಕಂಡು, ಒಂದು ಗಳಿಗೆ ನಿಂತುಬಿಡುತ್ತಿದ್ದರು. ಆ ಒಂದು ಗಳಿಗೆಯಲ್ಲಿ ಎದುರಿನವರು ಚೆಂಡು ಕಸಿದುಕೊಂಡು ಹೋಗುತ್ತಿದ್ದರು. ವ್ಯಾಪಾರಿ ಇದನ್ನು ತನ್ನದೇ ರೀತಿಯಲ್ಲಿ ಅರ್ಥ ಮಾಡಿಕೊಂಡ. ಇವನೊಬ್ಬ ಇಲ್ಲದಿದ್ದರೆ ತಂಡವೇ ಇಲ್ಲ, ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿದ. ಕೋಚ್ ಜ್ವರ ಬಿಟ್ಟು ಎದ್ದ ದಿನ ಶಾಲು ಹೊದಿಸಿ ಸಂಬಳ ಏರಿಸಿದ.

ಮುಂದಿನ ವರ್ಷ ಇನ್ನೂ ದೊಡ್ಡ ತಂಡವೊಂದು ಆ ಕೋಚನ್ನು ಕರೆದುಕೊಂಡು ಹೋಯಿತು.

ಎರಡನೆಯವನಾಗಿ ಬಂದವನು ಮೆಲುಮಾತಿನವನು. ತಾಲೀಮು ನಡೆಯುತ್ತಿರುವಾಗ ಸೀಟಿ ಊದುವನು. ಎಲ್ಲರೂ ನಿಂತಲ್ಲೇ ನಿಲ್ಲಬೇಕು. ಈಗ ಯಾರು ಎಲ್ಲಿರಬೇಕಿತ್ತು ಎಂದು ಕೇಳುವನು. ಕೇಳಿ ಸುಮ್ಮನಾಗುವನು. ಆಟಗಾರರು ತಲೆ ಕೆರೆದುಕೊಳ್ಳುವರು. ಒಬ್ಬ ಒಂದು ಹೇಳಿದರೆ ಇನ್ನೊಬ್ಬ ಅಲ್ಲ ಎನ್ನುವನು, ಮೂರನೆಯವನು ಇಬ್ಬರನ್ನೂ ಬೈಯುವನು. ಉತ್ತರ ಅವರಲ್ಲೇ ಹುಟ್ಟುವ ತನಕ ಕೋಚ್ ಬಿಸಿಲಲ್ಲಿ ಕೈಕಟ್ಟಿ ನಿಂತಿರುವನು. ಹುಟ್ಟಿದ ಮೇಲೆ ಮತ್ತೆ ಸೀಟಿ ಊದುವನು.

ವ್ಯಾಪಾರಿ ಒಂದು ದಿನ ತಾಲೀಮು ನೋಡಲು ಹೋದ. ನೋಡಿ ಬಂದು ಗುಮಾಸ್ತನ ಹತ್ತಿರ ಹೇಳಿಕೊಂಡ.

“ನಾನು ಪಾಠ ಹೇಳಿಕೊಡಲಿ ಅಂತ ಕರೆಸಿದರೆ, ಇವನು ಆಡೋರ ಹತ್ತಿರ ಪಾಠ ಹೇಳಿಸಿಕೊಳ್ತಾ ನಿಂತಿದ್ದಾನಲ್ಲಯ್ಯ.”

ತಂಡ ಸೋಲತೊಡಗಿತು. ಆಟಗಾರರಿಗೆ ಹಳೆಯ ಅಭ್ಯಾಸ ಬಿಟ್ಟಿರಲಿಲ್ಲ, ಹೊಸದು ಹತ್ತಿರಲಿಲ್ಲ. ಕೋಚಿಗೆ ಬಾಯಿಲ್ಲ, ತಂಡಕ್ಕೆ ಕಾಲಿಲ್ಲ ಎಂದು ನೋಡುವವರು ಕುಳಿತಲ್ಲಿಂದಲೇ ರಾಗ ಎಳೆದು ಹಾಡಿದರು. ವ್ಯಾಪಾರಿ ಬೀದಿಯಲ್ಲಿ ಹೋದರೆ ಅವನ ಬೆನ್ನ ಹಿಂದೆಯೂ ಅದೇ ರಾಗ. ಬರಬರುತ್ತ ಆಟ ಒಂದಿಷ್ಟು ಸುಧಾರಿಸಿತು. ಆದರೆ ಅಷ್ಟು ಹೊತ್ತಿಗೆ ತಂಡ ಪಟ್ಟಿಯ ತಳ ಮುಟ್ಟಿತ್ತು. ಕೊನೆಯ ಆಟ ಒಂದು ಉಳಿಯಿತು. ಅದನ್ನು ಗೆದ್ದರೆ ಮೇಲಿನ ದರ್ಜೆಯಲ್ಲಿ ಉಳಿಯುವುದು, ಗೆಲ್ಲದಿದ್ದರೆ ಕೆಳಗಿನ ದರ್ಜೆಗೆ ಇಳಿಯುವುದು. ಫಲ ಏನೇ ಬರಲಿ, ಕೋಚನ್ನು ಕಳಿಸುವುದೇ ಎಂದು ವ್ಯಾಪಾರಿ ಮನಸ್ಸಿನಲ್ಲಿ ಮುಗಿಸಿದ್ದ. ವಾಪಸು ಬರುವೆಯಾ ಎಂದು ಹಳಬನಿಗೆ ಹೇಳಿಕಳಿಸಿದ್ದೂ ಆಗಿತ್ತು. ಆಟ ಮುಗಿದ ಮೇಲೆ ಇವನಿಗೆ ತಿಳಿಸಿದರಾಯಿತು ಎಂದು ಬಂದು ಕುಳಿತ.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ಎದುರಿನವರು ಒಂದು ಗೋಲು ಹೊಡೆದರು. ಅದು ಗೋಲೇ ಅಲ್ಲ ಎಂದು ಗಲಾಟೆ ಎದ್ದಿತು. ಆ ಗಲಾಟೆಯಲ್ಲಿ ವ್ಯಾಪಾರಿಯ ತಂಡದವರು ಕುಳಿತಿದ್ದ ಬೆಂಚಿನಿಂದ ಯಾರೋ ನೀರಿನ ಬಾಟಲಿಯನ್ನು ಮೈದಾನದೊಳಕ್ಕೆ ಎಸೆದರು. ರೆಫರಿ ಬಂದು ಯಾರು ಎಸೆದದ್ದು ಎಂದ. ಯಾರೂ ತುಟಿ ಬಿಚ್ಚಲಿಲ್ಲ. ಮಾಡಿದವನು ಯಾರೆಂದು ತಿಳಿಯದೆ ಹೋದರೆ ಶಿಕ್ಷೆ ಕೋಚಿಗೆ. ಆ ಆಟದ ಕಟ್ಟಳೆಯೇ ಹಾಗೆ. ಎಸೆದವನನ್ನು ಕೋಚ್ ಕಂಡಿದ್ದ. ಆದರೂ ಬಾಯಿ ಬಿಡಲಿಲ್ಲ. ರೆಫರಿ ಕೆಂಪು ಕಾರ್ಡು ಎತ್ತಿ ತೋರಿಸಿದ. ಕೋಚ್ ತಲೆಬಾಗಿ, ಮೈದಾನದಿಂದ ಹೊರಬಿದ್ದು, ಮೆಟ್ಟಿಲು ಹತ್ತಿ ಬಂದು ವ್ಯಾಪಾರಿಯ ಪಕ್ಕದಲ್ಲಿ ಕುಳಿತ.

ಇನ್ನು ಮುಗಿಯಿತು ಎಂದುಕೊಂಡ ವ್ಯಾಪಾರಿ.

“ಬಂದು ಕೂತುಬಿಟ್ಟಿರಲ್ಲ ಮಾರಾಯರೇ. ಇಲ್ಲಿಂದಲಾದರೂ ಎದ್ದು ನಿಂತು ಒಂದು ಮಾತು ಕೂಗಿ ಹೇಳಿ.”

“ಹೇಳಬಾರದು ಯಜಮಾನರೇ, ನಿಯಮ ಇದೆ. ಹೇಳೋದಾದರೂ ಏನು, ಅವರಿಗೆ ಅಲ್ಲಿಂದ ಕಾಣೋದು ನನಗೆ ಇಲ್ಲಿಂದ ಕಾಣೋದಿಲ್ಲ.”

ಹೀಗೆ ಹೇಳಿದವನ ಕಾಲು, ಕೆಳಗೆ ಯಾರಾದರೂ ಚೆಂಡು ಒದ್ದಾಗಲೆಲ್ಲ, ಕುಳಿತಲ್ಲೇ ತಾನೂ ಒದೆಯುತ್ತಿತ್ತು. ವ್ಯಾಪಾರಿ ಅದನ್ನು ನೋಡಿದ. ಈ ಮನುಷ್ಯನಿಗೆ ನೋವಿಲ್ಲ ಎಂದುಕೊಂಡಿದ್ದು ತಪ್ಪು ಎಂದು ಅವನಿಗೆ ಮೊದಲ ಸಲ ಅನಿಸಿತು.

ಆಮೇಲೆ ಅವನು ಆಟಗಾರರ ಕತ್ತುಗಳನ್ನೇ ನೋಡುತ್ತ ಕುಳಿತ. ಈಗ ಗೆರೆಯ ಕಡೆ ತಿರುಗುತ್ತಾರೆ, ಈಗ ತಿರುಗುತ್ತಾರೆ ಎಂದು ಕಾದ. ಒಬ್ಬನೂ ತಿರುಗಲಿಲ್ಲ. ಚೆಂಡು ಹೊರಗೆ ಹೋದಾಗ ನಾಲ್ಕು ಮಂದಿ ಹತ್ತಿರ ಬಂದು, ಎರಡು ಮಾತಾಡಿ, ಚದುರಿದರು. ಹಿಂದೆ ನಿಂತಿದ್ದವನು ಮುಂದಕ್ಕೆ ಹೋದ, ಮುಂದಿದ್ದವನು ಅವನ ಜಾಗಕ್ಕೆ ಇಳಿದ. ಒಬ್ಬ ಕುಂಟತೊಡಗಿದಾಗ ಪಕ್ಕದವನು ತನ್ನ ಜಾಗದ ಜೊತೆಗೆ ಅವನದನ್ನೂ ಕಾದ. ಗೋಲು ಕಾಯುವವನು ಹಿಂದಿನಿಂದ ಹೆಸರು ಹಿಡಿದು ಎಚ್ಚರಿಸುತ್ತಿದ್ದ. ಆಟ ಮುಗಿಯುವುದಕ್ಕೆ ಇನ್ನು ಸ್ವಲ್ಪವೇ ಇರುವಾಗ, ಬಲಗಡೆ ಎಲ್ಲ ಬಯಲಾಗಿದ್ದರೂ, ಒಬ್ಬ ಚೆಂಡನ್ನು ಎಡಗಡೆಯ ಇಕ್ಕಟ್ಟಿಗೆ ತಳ್ಳಿದ. ಅಲ್ಲಿ ಒಬ್ಬ ನುಸುಳಿ ಬಂದು ಒದ್ದ. ಗೋಲಾಯಿತು.

ಕೋಚ್ ನಕ್ಕುಬಿಟ್ಟ. “ನಾನು ಅಲ್ಲಿ ನಿಂತಿದ್ದರೆ ಬಲಕ್ಕೆ ಕೊಡು ಅಂತ ಕೂಗಿರ್ತಿದ್ದೆ ಯಜಮಾನರೇ.”

ಆಟ ಸರಿಸಮವಾಗಿ ಮುಗಿಯಿತು. ಸಮ ಆದರೆ ಸಾಲದು, ಗೆಲ್ಲಬೇಕಿತ್ತು. ತಂಡ ಕೆಳಗಿನ ದರ್ಜೆಗೆ ಇಳಿಯಿತು. ಜನ ಬೈದುಕೊಳ್ಳುತ್ತ ಎದ್ದು ಹೋದರು. ವ್ಯಾಪಾರಿ ಏಳಲಿಲ್ಲ. ಕೆಳಗೆ ಮೈದಾನದಲ್ಲಿ ಆಟಗಾರರು ಬಟ್ಟೆ ಬದಲಿಸಲು ಹೋಗದೆ ಹುಲ್ಲಿನ ಮೇಲೆ ಸುತ್ತ ಕುಳಿತಿದ್ದರು. ಯಾರೂ ಅವರನ್ನು ಸೇರಿಸಿರಲಿಲ್ಲ. ಮೊದಲನೆಯ ಗೋಲು ಬಿಟ್ಟುಕೊಟ್ಟಾಗ ಯಾರು ಎಲ್ಲಿರಬೇಕಿತ್ತು ಎಂದು ಜಗಳವಾಡುತ್ತಿದ್ದರು. ಒಬ್ಬ ಅಳುತ್ತಲೇ ಜಗಳವಾಡುತ್ತಿದ್ದ.

ಹಳೆಯ ಕೋಚಿಗೆ ಜ್ವರ ಬಂದ ದಿನ ವ್ಯಾಪಾರಿಗೆ ನೆನಪಾಯಿತು. ಯಾವುದಕ್ಕೆ ಶಾಲು ಹೊದಿಸಿದೆ ಎಂದು ಯೋಚಿಸಿದ. ಅಲ್ಲಿಂದಲೇ ಗುಮಾಸ್ತನನ್ನು ಕರೆದು, ಹಳಬನಿಗೆ ಬರುವುದು ಬೇಡ ಎಂದು ತಿಳಿಸುವಂತೆ ಹೇಳಿದ. ಪಕ್ಕದಲ್ಲಿ ಕುಳಿತಿದ್ದವನ ಕಡೆ ತಿರುಗಿ, ಮುಂದಿನ ತಾಲೀಮು ಯಾವತ್ತಿನಿಂದ ಎಂದು ಕೇಳಿದ. ಕೆಲಸ ಹೋಯಿತೆಂದೇ ಕೋಚ್ ಗಂಟುಮೂಟೆ ಕಟ್ಟಿಟ್ಟು ಬಂದಿದ್ದ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಷಡಕ್ಷರಪ್ಪನ ಮುಖ ಒಂದಿಷ್ಟು ತಿಳಿಯಾಗಿತ್ತು. ಮುಂದಿನ ವರ್ಷ ಆ ತಂಡ ಮತ್ತೆ ಮೇಲಕ್ಕೆ ಏರಿತೇ ಎಂದು ಕೇಳಿದ. ವ್ಯಾಪಾರಿ ಅವನನ್ನು ಇಟ್ಟುಕೊಂಡ ದಿನ ಅದು ಯಾರಿಗೂ ಗೊತ್ತಿರಲಿಲ್ಲ ಎಂದರು ಗುರುಗಳು. ಷಡಕ್ಷರಪ್ಪ ತನ್ನ ತಂಡದ ಆಟಗಾರರು ಚೆಂಡು ಸಿಕ್ಕಾಗ ಎತ್ತ ನೋಡುತ್ತಾರೆ ಎಂದು ನೆನಪು ಮಾಡಿಕೊಳ್ಳಲು ಯತ್ನಿಸಿದ. ಏನೋ ಹೊಳೆದಂತಾಯಿತು. ಆದರೂ ಧೈರ್ಯ ಸಾಲಲಿಲ್ಲ. ಎದ್ದು ಗುರುಗಳ ಪಾದ ಮುಟ್ಟಿದ.

“ನಾಳೆ ಸಭೆಯಲ್ಲಿ ಇರಲಿ ಅನ್ನಲೋ ಹೋಗಲಿ ಅನ್ನಲೋ, ನೀವೇ ಒಂದು ಮಾತು ಹೇಳಿ ಕಳಿಸಿ ಬುದ್ಧಿ.”

“ಅದನ್ನೂ ನಾನೇ ಕೂಗಿ ಹೇಳಿದರೆ, ಇಷ್ಟು ವರ್ಷ ನಿನಗೆ ಕಲಿಸಿದವನು ಗೆದ್ದ ಹಾಗೋ, ಸೋತ ಹಾಗೋ?”